ಭಾನುವಾರದ ಆರಾಧನೆನ ಸೋಮವಾರಕ್ಕೆ ತರೋದು ಹೇಗೆ

ಭಾನುವಾರ ಚರ್ಚಲ್ಲಿ ಆಶೀರ್ವಾದ ಮುಗಿದು ಹತ್ತು ನಿಮಿಷ ಆಗಿರಲ್ಲ, ಕಾಂಪೌಂಡಲ್ಲಿ ಗಾಡಿ ತೆಗೆಯೋಕೆ ಜಾಗ ಸಿಗದೆ ನಾನು ಹಾರ್ನ್ ಹೊಡೀತಾ ನಿಂತಿರ್ತೀನಿ. ಒಂದ್ಸಲ ಹಂಗೇ ಹೊಡೆದೆ, ಮುಂದಿನ ಸ್ಕೂಟರ್‌ನವರು ತಿರುಗಿ ನೋಡಿದ್ರು, ನೋಡಿದ್ರೆ ಅರ್ಧ ಗಂಟೆ ಹಿಂದೆ ಕರ್ತನ ಭೋಜನದ, ಅಂದ್ರೆ ರೊಟ್ಟಿ ದ್ರಾಕ್ಷಾರಸ ಹಂಚೋ ವಿಧಿಯ ಹೊತ್ತಲ್ಲಿ ನನ್ನ ಕೈ ಹಿಡಿದು "ಸಮಾಧಾನ" ಅಂತ ಹೇಳಿದ ಅದೇ ಅಂಕಲ್. ಅವರು ನಕ್ಕು ಪಕ್ಕಕ್ಕೆ ಸರಿದ್ರು. ನನಗೆ ಮಾತ್ರ ಮನೆಗೆ ಬರೋವರೆಗೂ ಮುಖ ಬಿಸಿ ಬಿಸಿ.

ಆಮೇಲೆ ಏನ್ ಮಾಡಿದೆ ಅಂದ್ರೆ ಎಲ್ಲರೂ ಮಾಡೋದನ್ನೇ, ಜಾಸ್ತಿ ಪ್ರಾರ್ಥನೆ ಮಾಡ್ತೀನಿ ಅಂತ ಹೊರಟೆ. ಬೆಳಿಗ್ಗೆ ಐದಕ್ಕೆ ಅಲಾರಂ, ವರ್ಷದಲ್ಲಿ ಪೂರ್ತಿ ಬೈಬಲ್ ಓದೋ ಪ್ಲಾನು. ನಮ್ಮ ಪ್ರೊಟೆಸ್ಟೆಂಟ್ ಬೈಬಲಲ್ಲಿ 66 ಪುಸ್ತಕ, 1189 ಅಧ್ಯಾಯ, ದಿನಕ್ಕೆ ಮೂರರಿಂದ ನಾಲ್ಕು ಓದಿದ್ರೆ ಮುಗಿಯುತ್ತೆ ಅನ್ನೋ ಲೆಕ್ಕ ಸರಿಯಾಗೇ ಇತ್ತು, ಆದ್ರೆ ಫೆಬ್ರವರಿ ಹೊತ್ತಿಗೆ ಬಲಿಯ ನಿಯಮಗಳೇ ತುಂಬಿರೋ ಯಾಜಕಕಾಂಡದಲ್ಲಿ ಸಿಕ್ಕಾಕೊಂಡು ಅಲ್ಲೇ ಕೂತೆ. ಎರಡು ವರ್ಷ ಹಿಂಗೇ ಆಯ್ತು. ಮೂರನೇ ವರ್ಷ ತಲೆಗೆ ಹೊಳೆದಿದ್ದು ಇಷ್ಟೇ: ಹೊಸದಾಗಿ ಏನೂ ಸೇರಿಸೋದು ಬೇಡ, ಚಿಕ್ಕಂದಿನಿಂದ ಬಾಯಿಪಾಠ ಆಗಿರೋ ಆರಾಧನಾ ಕ್ರಮ ಇದ್ಯಲ್ಲ, ಕರೆ, ಪಾಪದ ಅರಿಕೆ, ವಾಕ್ಯ, ಕಾಣಿಕೆ, ಸಮಾಧಾನ, ವಿಜ್ಞಾಪನೆ, ಕೊನೆಗೆ "ಹೋಗಿ" ಅಂತ ಕಳಿಸೋದು, ಇದನ್ನೇ ಬಿಡಿಸಿ ದಿನದ ಮೇಲೆ ಹರಡಿದ್ರೆ ಹೇಗೆ? ಒಂದೊಂದು ತುಂಡನ್ನ ನಾವು ಹೆಂಗಿದ್ರೂ ಮಾಡೋ ಒಂದೊಂದು ಕೆಲಸಕ್ಕೆ ಗಂಟು ಹಾಕೋದು. ಹಾಲು ಕಾಯಿಸೋದು, ಗಾಡಿ ಓಡಿಸೋದು, ಆಫೀಸು, ಊಟ, ಮಲಗೋದು. ಈಗ ನಾಲ್ಕು ವರ್ಷದಿಂದ ಮಾಡ್ತಾ ಇದೀನಿ, ತಪ್ಪಿಸ್ತಾನೂ ಇದೀನಿ. ಹೇಗೆ ಅಂತ ಬರೀತೀನಿ, ನಿಮಗೆ ಆಗೋದು ತಗೊಳಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಾನು ಸಿಎಸ್ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರೊಟೆಸ್ಟೆಂಟ್, ಗದಗ ಬೆಟಗೇರಿ ಕಡೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಮಿಷನರಿಗಳ) ಮನೆತನ, ಮನೆಯವಳು ಮಂಗಳೂರು ಕ್ಯಾಥೊಲಿಕ್, ಇಬ್ಬರೂ ಇರೋದು ಬೆಂಗಳೂರಲ್ಲಿ. ಹಾಗಾಗಿ ಎರಡೂ ಕಡೆ ಮಾತು ಕಲಸುಮೇಲೋಗರ ಆಗಿ ಬರುತ್ತೆ.

ಬೆಳಿಗ್ಗೆ, ಹಾಲು ಉಕ್ಕೋಕೆ ಮುಂಚೆ

ಭಾನುವಾರ ಗಂಟೆ ಹೊಡೆದಾಗ ಎಲ್ಲರೂ ಎದ್ದು ನಿಲ್ತೀವಿ, ಮಾತು ನಿಲ್ಲುತ್ತೆ. ವಾರದ ದಿನ ನಮ್ಮ ಗಂಟೆ ಯಾವುದು ಅಂದ್ರೆ ಫೋನು. ಕಣ್ಣು ಬಿಡೋಕೂ ಮುಂಚೆ ಕೈ ಅದನ್ನ ಹುಡುಕುತ್ತೆ. ಹಾಗಾಗಿ ಮೊದಲನೇ ಹೆಜ್ಜೆ ಪ್ರಾರ್ಥನೆನೇ ಅಲ್ಲ, ಫೋನನ್ನ ಮಲಗೋ ರೂಮಿಂದ ಆಚೆ ಇಡೋದು. ಅಲಾರಂಗೆ ಒಂದು ಸಣ್ಣ ಗಡಿಯಾರ ತಗೊಳಿ.

ಎದ್ದ ಮೇಲೆ ಸ್ಟವ್ ಮೇಲೆ ಹಾಲಿಟ್ಟು ಅಲ್ಲೇ ನಿಂತುಕೊಂಡು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರುವಾಗೋ ಕರ್ತನ ಪ್ರಾರ್ಥನೆ ಒಂದ್ಸಲ ಹೇಳಿ. ಅರ್ಧ ನಿಮಿಷದ ಕೆಲಸ, ಆದ್ರೆ ನಿಧಾನಕ್ಕೆ ಹೇಳಿದ್ರೆ ಹಾಲು ಕಾಯೋವಷ್ಟೂ ಹೊತ್ತು ಬರುತ್ತೆ. ಇದೇನು ನನ್ನ ಕಂಡುಹಿಡಿತ ಅಲ್ಲ, ಕ್ರೈಸ್ತ ಸಭೆ ಇನ್ನೂ ಹೊಸದಾಗಿದ್ದ ಕಾಲದ ಡಿಡಾಕೆ ಅನ್ನೋ ಪುಟ್ಟ ಪುಸ್ತಿಕೆಲೇ ದಿನಕ್ಕೆ ಮೂರು ಸಲ ಈ ಪ್ರಾರ್ಥನೆ ಹೇಳಿ ಅಂತ ಇದೆ. ಮೂರು ಸಲ ನನ್ನ ಕೈಲಿ ಆಗಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಡಬ್ಬಿ ಬಿಚ್ಚೋವಾಗ ಒಂದು, ಅಷ್ಟು ಬರುತ್ತೆ. ಡಬ್ಬಿ ಬಿಚ್ಚಿ ಚಪಾತಿ ನೋಡ್ತಾ "ನಮ್ಮ ಅನುದಿನದ ಆಹಾರ" ಅಂತ ಬಂದಾಗ ಆ ಸಾಲು ಬಾಯಿಪಾಠದ ಥರ ಜಾರಿ ಹೋಗಲ್ಲ, ಒಂದು ಕ್ಷಣ ನಿಲ್ಲುತ್ತೆ, ಯಾರು ಐದೂವರೆಗೆ ಎದ್ದು ಲಟ್ಟಿಸಿದ್ರು ಅಂತ ನೆನಪಾಗುತ್ತೆ.

ಮನಸ್ಸು ಓಡಿ ಹೋಗುತ್ತೆ ಅಂತೀರಾ? ಎಲ್ಲರದ್ದೂ ಓಡುತ್ತೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್‌ಗೆ ಪೀಟರ್ ಅಂತ ಒಬ್ಬ ಕ್ಷೌರಿಕ ಇದ್ದ, ಅವನು ಪ್ರಾರ್ಥನೆ ಮಾಡೋದು ಹೇಗೆ ಅಂತ ಕೇಳಿದ್ದಕ್ಕೆ 1535ರಲ್ಲಿ ಲೂಥರ್ ಅವನಿಗೋಸ್ಕರ ಒಂದು ಸಣ್ಣ ಪುಸ್ತಿಕೆನೇ ಬರೆದ. ಅದರಲ್ಲಿ ಹೇಳ್ತಾನೆ, ಒಳ್ಳೇ ಕ್ಷೌರಿಕ ಕತ್ತಿ ಮೇಲೆ, ಕೂದಲ ಮೇಲೆ ಕಣ್ಣಿಟ್ಟಿರ್ತಾನೆ, ಮಾತಾಡ್ತಾ ಬೇರೆ ಕಡೆ ನೋಡ್ತಾ ಇದ್ರೆ ಗಿರಾಕಿ ಬಾಯಿನೋ ಮೂಗೋ ಕೊಯ್ದು ಹೋಗುತ್ತೆ ಅಂತ. ಪ್ರಾರ್ಥನೆಗೂ ಅಷ್ಟು ಗಮನ ಬೇಕು ಅನ್ನೋದು ಅವನ ಮಾತು. ಕಲಿಸೋಕೆ ಅವನು ಆರಿಸ್ಕೊಂಡಿದ್ದೂ ಇದೇ ಕರ್ತನ ಪ್ರಾರ್ಥನೆನೇ, ಒಂದೊಂದೇ ಬೇಡಿಕೆ ತಗೊಂಡು ನಿಧಾನಕ್ಕೆ. ನಾನು ಮಾಡೋದು ಇಷ್ಟು: ಯಾವ ಸಾಲಲ್ಲಿ ಮನಸ್ಸು ತಪ್ಪಿಸ್ಕೊಳ್ತೋ ಆ ಸಾಲಿಗೆ ವಾಪಸ್ ಬಂದು ಇನ್ನೊಂದ್ಸಲ ಹೇಳ್ತೀನಿ. ನನಗೆ ಯಾವಾಗಲೂ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನೋ ಕಡೆನೇ ಜಾರುತ್ತೆ. ಅದಕ್ಕೆ ಕಾರಣ ಇದೆ, ಕೆಳಗೆ ಬರುತ್ತೆ.

ವಾಕ್ಯ ಒಂದೇ ಸಾಕು

ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಚಿತ್ರದ ಮೇಲೆ ವಾಗ್ದಾನದ ವಚನ ಬರುತ್ತೆ, ಏಳರೊಳಗೆ ನಲವತ್ತು ಜನ ಕೈ ಮುಗಿದಿರೋ ಗೊಂಬೆ ಹಾಕಿರ್ತಾರೆ. ನಾನೂ ಹಾಕಿದೀನಿ. ಒಂದ್ಸಲ ಯಾರೋ ತಪ್ಪಿ ಕರೆಂಟ್ ಬಿಲ್ ಫೋಟೋ ಕಳಿಸಿದ್ರು, ಅದಕ್ಕೂ ಮೂರು ಜನ ಆಮೆನ್ ಹಾಕಿದ್ರು. ಈ ಥರ ಓದೋದು ಓದಿದ ಹಾಗಲ್ಲ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ.

ಕೀರ್ತನೆಗಳಿಂದ ಶುರು ಮಾಡಿ. 150 ಇದಾವೆ, ದಿನಕ್ಕೆ ಒಂದು. 119ನೇದು 176 ವಚನ ಇದೆ, ಅದು ಬಂದಾಗ ಎಂಟೆಂಟು ವಚನ ಮಾಡ್ಕೊಳಿ, ಅದನ್ನ ಬರೆದಿರೋದೇ ಎಂಟೆಂಟು ವಚನದ ಕಟ್ಟುಗಳಾಗಿ. 117ನೇದು ಎರಡೇ ವಚನ, ಅವತ್ತು ರಜಾ ಅಂದ್ಕೊಳಿ. ಒಂದ್ಸಲ ಜೋರಾಗಿ ಓದಿ, ಜೋರಾಗಿ ಅಂದ್ರೆ ತುಟಿ ಅಲ್ಲಾಡೋ ಹಾಗೆ, ಆಮೇಲೆ ಎಲ್ಲಿ ಮನಸ್ಸು ತಗಲಿಕೊಳ್ತೋ ಆ ಒಂದು ಸಾಲನ್ನ ಮಾತ್ರ ಜೇಬಲ್ಲಿ ಹಾಕ್ಕೊಂಡು ಹೋಗಿ. ನಾನು ಅದನ್ನ ಬಸ್ ಟಿಕೆಟ್ ಹಿಂದೆ ಬರ್ಕೋತಿದ್ದೆ, ಈಗ ಮೆಟ್ರೋ ಆದಮೇಲೆ ಟಿಕೆಟೂ ಇಲ್ಲ, ಒಂದು ಚೀಟಿ ಪುಸ್ತಕ ಇಟ್ಟಿದೀನಿ. ಕ್ರೈಸ್ತ ಸನ್ಯಾಸಿ ಮಠಗಳಲ್ಲಿ ಸಾವಿರಕ್ಕೂ ಹೆಚ್ಚು ವರ್ಷದಿಂದ ಹಿಂಗೇ ಓದ್ತಾರೆ, ಹಸು ಮೆಲುಕು ಹಾಕಿದ ಹಾಗೆ. ಎಮ್ಮೆ ಕಟ್ಟಿದ್ದ ಮನೆಯಲ್ಲಿ ಬೆಳೆದವರಿಗೆ ಮೆಲುಕು ಅಂದ್ರೆ ಏನು ಅಂತ ಗೊತ್ತು, ಮೇವು ಬೆಳಿಗ್ಗೆನೇ ಹೊಟ್ಟೆಗೆ ಹೋಗಿರುತ್ತೆ, ಕೆಲಸ ನಡೆಯೋದು ಮಧ್ಯಾಹ್ನ ನೆರಳಲ್ಲಿ ಮಲಗಿದಾಗ.

141ನೇ ಕೀರ್ತನೆಲಿ ನನ್ನ ಬಾಯಿಗೆ ಕಾವಲಿಡು ಅಂತ ಒಂದು ಸಾಲು ಬರುತ್ತಲ್ಲ, ಮೀಟಿಂಗ್ ಇರೋ ದಿನ ನಾನು ಬೇರೆ ಹುಡುಕೋಕೇ ಹೋಗಲ್ಲ, ಅದೇ.

ಸಿಗ್ನಲಲ್ಲಿ

ಪಾಪದ ಅರಿಕೆ ಅಂದ ತಕ್ಷಣ ತುಂಬಾ ಗಂಭೀರ ಅನ್ಸುತ್ತೆ, ನಾನು ಅದನ್ನ ರಸ್ತೆಗೆ ಹಾಕಿದೀನಿ, ಯಾಕಂದ್ರೆ ನನ್ನ ಪಾಪ ಅರ್ಧ ಅಲ್ಲೇ ಆಗೋದು. ಕ್ಯಾಥೊಲಿಕ್ ಪೂಜೆಲಿ "ಪ್ರಭುವೇ ದಯೆ ತೋರಿ" ಅಂತ ಬರುತ್ತಲ್ಲ, ಅದರ ಅಣ್ಣ ತಮ್ಮನ ಹಾಗೆ ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಒಂದು ಪುಟ್ಟ ಪ್ರಾರ್ಥನೆ ಇದೆ: ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು. ಇದು ಎಲ್ಲಿಂದ ಬಂತು ಅಂದ್ರೆ ಲೂಕ 18ರಲ್ಲಿ ಎದೆ ಬಡ್ಕೊಂಡ ಸುಂಕದವನು, ಮಾರ್ಕ 10ರಲ್ಲಿ ಯೆರಿಕೋ ದಾರಿ ಪಕ್ಕ ಕೂತು ಕೂಗಿದ ಕುರುಡ ಬಾರ್ತಿಮಾಯ, ಇವರಿಬ್ಬರ ಮಾತು ಸೇರಿ. ಗ್ರೀಸಿನ ಆಥೋಸ್ ಗುಡ್ಡದ ಸನ್ಯಾಸಿಗಳು ಉಸಿರಿನ ಜೊತೆ ಇದನ್ನ ಹೇಳ್ತಾರೆ, ಮೊದಲರ್ಧಕ್ಕೆ ಉಸಿರು ಒಳಗೆ, ಉಳಿದರ್ಧಕ್ಕೆ ಹೊರಗೆ.

ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಉಸಿರು ಒಳಗೆ ತಗೊಳೋದೇ ಒಂದು ತಪಸ್ಸು, ಇರ್ಲಿ. ಆದ್ರೂ ಕೆಂಪು ದೀಪ ಬಿದ್ದಾಗ ಐದಾರು ಸಲ ಹೇಳಬಹುದು. ಎಣಿಸಬೇಡಿ. ಗಾಡಿ ಓಡಿಸ್ತಾ ಕಣ್ಣು ಮುಚ್ಚಬೇಡಿ ಅಂತ ಹೇಳೋ ಅವಶ್ಯಕತೆ ಇಲ್ಲ ಅಂದ್ಕೊಂಡಿದ್ದೆ, ಆದ್ರೆ ನನ್ನ ತಮ್ಮ ಒಬ್ಬ ಇದಾನೆ, ಅದಕ್ಕೆ ಹೇಳ್ತಿದೀನಿ.

ಕೆಲಸನೇ ಕಾಣಿಕೆ, ಆದ್ರೆ ಹೇಗೆ

ಇದರ ಬಗ್ಗೆ ಪ್ರಸಂಗ ಬೇಕಾದಷ್ಟು ಕೇಳಿರ್ತೀರ. ರೋಮಾಪುರದವರಿಗೆ 12ನೇ ಅಧ್ಯಾಯ, ದೇಹನ ಸಜೀವ ಯಜ್ಞವಾಗಿ ಕೊಡಿ ಅಂತ ಪೌಲ ಬರೀತಾನೆ. ಕೇಳೋಕೆ ಚೆನ್ನಾಗಿದೆ, ಸೋಮವಾರ ಹತ್ತು ಗಂಟೆಗೆ ಎಕ್ಸೆಲ್ ಶೀಟ್ ಮುಂದೆ ಕೂತಾಗ ಇದರ ಅರ್ಥ ಏನು? ನಾನು ಅಕೌಂಟ್ಸ್‌ನವನು, ತಿಂಗಳ ಕೊನೆಗೆ ಬ್ಯಾಂಕ್ ಲೆಕ್ಕ ನಮ್ಮ ಲೆಕ್ಕ ತಾಳೆ ಹಾಕೋದು ನನ್ನ ಕೆಲಸ, ಅದರಲ್ಲಿ ದೇವರು ಎಲ್ಲಿ ಕೂರ್ತಾನೆ.

ಇಲ್ಲಿ ನನಗೆ ದಾರಿ ತೋರ್ಸಿದ್ದು ಹದಿನೇಳನೇ ಶತಮಾನದ ಪ್ಯಾರಿಸ್ಸಿನ ಒಬ್ಬ ಅಡಿಗೆಯವನು. ಬ್ರದರ್ ಲಾರೆನ್ಸ್ ಅಂತ, ಹುಟ್ಟು ಹೆಸರು ನಿಕೊಲಾ ಹರ್ಮನ್, ಸಿಪಾಯಿ ಆಗಿದ್ದವನು, ಗಾಯ ಆಗಿ ಕಾಲು ಕುಂಟಾಯ್ತು, ಆಮೇಲೆ ಕಾರ್ಮೆಲೈಟ್ ಮಠ ಸೇರಿದ, ಪಾದ್ರಿ ಆಗೋ ಓದು ಇರಲಿಲ್ಲ, ಅಡಿಗೆಮನೆಗೆ ಹಾಕಿದ್ರು. ಅವನಿಗೆ ಅಡಿಗೆ ಕೆಲಸ ಅಂದ್ರೆ ಆಗ್ತಿರಲಿಲ್ಲ, ಅದನ್ನ ಅವನೇ ಹೇಳ್ಕೊಂಡಿದಾನೆ. ಹದಿನೈದು ವರ್ಷ ಅಲ್ಲೇ ಪಾತ್ರೆ ಸದ್ದಿನ ಮಧ್ಯೆ ಇದ್ದ. ಒಂದ್ಸಲ ಮಠಕ್ಕೆ ವೈನ್ ತರೋಕೆ ಬರ್ಗಂಡಿಗೆ ಕಳಿಸಿದ್ರಂತೆ, ವ್ಯಾಪಾರ ಬಾರದು, ಕಾಲು ಬೇರೆ ಕುಂಟು, ದೋಣಿಯಲ್ಲಿ ಓಡಾಡೋಕಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಆ ಕಡೆ ಈ ಕಡೆ ಹೋಗ್ತಿದ್ದನಂತೆ. ಹೋಗೋ ಮುಂಚೆ ದೇವರಿಗೆ ಹೇಳಿದ್ದು ಇಷ್ಟೇ, ಇದು ನಿನ್ನ ಕೆಲಸ, ನೀನೇ ನೋಡ್ಕೋ ಅಂತ. ಕೆಲಸ ಚೆನ್ನಾಗೇ ಆಯ್ತು. 1691ರಲ್ಲಿ ತೀರ್ಕೊಂಡ. ಪೀಪಾಯಿ ಮೇಲೆ ಉರುಳೋ ಆ ಕುಂಟ ಮನುಷ್ಯನ್ನ ನೆನೆಸ್ಕೊಂಡ್ರೆ ನನಗೆ ಯಾಕೋ ಧೈರ್ಯ ಬರುತ್ತೆ.

ಅವನಿಂದ ನಾನು ಎತ್ಕೊಂಡಿದ್ದು ಮೂರು ಅಭ್ಯಾಸ. ಕೆಲಸ ಶುರು ಮಾಡೋ ಮುಂಚೆ ಒಂದೇ ವಾಕ್ಯ, "ಕರ್ತನೇ, ಇದು ನಿಂದು". ಮಧ್ಯದಲ್ಲಿ ನೆನಪಾದಾಗೆಲ್ಲ ಒಂದು ಕ್ಷಣ ಆ ಕಡೆ ತಿರುಗೋದು, ಮಾತೇನೂ ಬೇಡ, ಮನೆಯಲ್ಲಿ ಇನ್ನೊಂದು ರೂಮಲ್ಲಿ ಯಾರೋ ಇದಾರೆ ಅನ್ನೋದು ಗೊತ್ತಿರುತ್ತಲ್ಲ, ಆ ಥರ. ಮುಗಿದ ಮೇಲೆ ಚೆನ್ನಾಗಾದ್ರೆ ಥ್ಯಾಂಕ್ಸ್, ಕೆಟ್ಟರೆ ಕ್ಷಮೆ ಕೇಳಿ ಮುಂದಕ್ಕೆ ಹೋಗೋದು, ಅದನ್ನೇ ಕೆದಕ್ತಾ ಕೂರದೆ. ಈ ಕೊನೇದು ನಮ್ಮಂಥವರಿಗೆ ಬಹಳ ಕಷ್ಟ, ಬಾಸೆಲ್ ಮಿಷನ್ ಮನೆಗಳಲ್ಲಿ ತಪ್ಪನ್ನ ಎಣಿಸೋದು ಹಾಲಿನ ಜೊತೆನೇ ಕುಡಿಸಿರ್ತಾರೆ.

ಇನ್ನೊಂದು, ಕಾಣಿಕೆ ಅಂದ ಮೇಲೆ ಒಳ್ಳೇದನ್ನ ಕೊಡ್ಬೇಕು. ಮಲಾಕಿಯ ಮೊದಲನೇ ಅಧ್ಯಾಯ ಓದಿ, ಕುರುಡು ಕುಂಟು ಪ್ರಾಣಿ ತಂದು ಬಲಿ ಕೊಡ್ತೀರಲ್ಲ, ಅದನ್ನೇ ನಿಮ್ಮ ಅಧಿಪತಿಗೆ ಕೊಟ್ಟು ನೋಡಿ, ಮೆಚ್ತಾನಾ ಅಂತ ದೇವರು ಕೇಳ್ತಾನೆ. ಆಫೀಸಲ್ಲಿ ಮೇಜಿನ ಮೇಲೆ ಶಿಲುಬೆ ಇಟ್ಟು, ಬಾಗಿಲಿಗೆ ವಚನದ ಸ್ಟಿಕ್ಕರ್ ಅಂಟಿಸಿ, ಬಿಲ್ಲಲ್ಲಿ ಎರಡು ಸಾವಿರ ಜಾಸ್ತಿ ತೋರಿಸೋದು ಕುಂಟು ಕುರಿನೇ. ಭಾನುವಾರ ಚೀಲಕ್ಕೆ ಹಾಕೋ ನೂರು ರೂಪಾಯಿ ಅದನ್ನ ತೊಳೆಯಲ್ಲ.

ಸಮಾಧಾನ, ಎಲ್ಲಕ್ಕಿಂತ ಕಷ್ಟದ್ದು

ಸಿಎಸ್ಐ ಆರಾಧನೆಗೆ ಹೋದವರಿಗೆ ಗೊತ್ತು, ಕರ್ತನ ಭೋಜನದಲ್ಲಿ ಸಮಾಧಾನ ಕೊಡೋ ರೀತಿ. ಕೊಡೋವನು ಬಲ ಅಂಗೈನ ಇನ್ನೊಬ್ಬರ ಬಲ ಅಂಗೈ ಮೇಲಿಟ್ಟು ಎಡಗೈಯಿಂದ ಮುಚ್ತಾನೆ, ಮುಂದಿನಿಂದ ಶುರುವಾಗಿ ಬೆಂಚಿಂದ ಬೆಂಚಿಗೆ ಹೋಗುತ್ತೆ. ಸಿಎಸ್ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ, 1950ರಲ್ಲಿ ಬಂದ ಆರಾಧನಾ ಕ್ರಮದಲ್ಲಿ ಈ ಪದ್ಧತಿನ ಕೇರಳದ ಸಿರಿಯನ್ ಕ್ರೈಸ್ತ ಸಭೆಗಳ ಸಂಪ್ರದಾಯದಿಂದ ತಗೊಂಡ್ರು. ಅದು ಇಲ್ಲಿಂದ ಹೊರದೇಶದ ಸಭೆಗಳ ಮೇಲೂ ಪ್ರಭಾವ ಬೀರಿತು. ನಮ್ಮ ಊರ ಕಡೆಯಿಂದ ಹೋದ ಒಂದು ಒಳ್ಳೇ ವಸ್ತು, ನಮಗೇ ಗೊತ್ತಿಲ್ಲ.

ಇದನ್ನ ವಾರದ ದಿನಕ್ಕೆ ತರೋದು ಅಂದ್ರೆ ಏನು? ಮತ್ತಾಯ 5ರಲ್ಲಿ ಇದೆ, ಕಾಣಿಕೆ ಹಿಡ್ಕೊಂಡು ಬಲಿಪೀಠದ ಹತ್ರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು ಅಂತ. ಗಮನಿಸಿ, ನಿನಗೆ ಅವನ ಮೇಲೆ ಕೋಪ ಇದ್ರೆ ಅಂತ ಇಲ್ಲ, ಅವನಿಗೆ ನಿನ್ನ ಮೇಲೆ ಇದ್ರೆ ಅಂತ ಇದೆ. ನಾನು ಈ ವಚನನ ಎಷ್ಟೋ ವರ್ಷ ಉಲ್ಟಾ ಓದ್ತಿದ್ದೆ.

ನನಗೂ ನನ್ನ ಅಣ್ಣನಿಗೂ ಅಪ್ಪನ ಮನೆ ವಿಷಯಕ್ಕೆ ಮೂರು ವರ್ಷ ಮಾತಿರಲಿಲ್ಲ. ನನ್ನ ಲೆಕ್ಕದಲ್ಲಿ ತಪ್ಪು ಅವನದ್ದು, ದಾಖಲೆ ಎಲ್ಲ ನನ್ನ ಹತ್ರ ಇದೆ. ಅಷ್ಟೂ ವರ್ಷ ನಾನು ಪ್ರತಿ ಭೋಜನದಲ್ಲೂ ಪಕ್ಕದವರ ಕೈ ಮುಚ್ಚಿ ಸಮಾಧಾನ ಕೊಟ್ಟಿದೀನಿ, ಚೆನ್ನಾಗಿ ನಗ್ತಾ. ದಿನಾ ಈ ಕ್ರಮ ಮಾಡೋಕೆ ಶುರು ಮಾಡಿದ ಮೇಲೆ ಬೆಳಿಗ್ಗೆ ಹಾಲು ಕಾಯಿಸ್ತಾ ಆ ಕ್ಷಮೆ ಸಾಲಿಗೆ ಬಂದಾಗೆಲ್ಲ ಅವನ ಮುಖ ಬರೋದು, ನಾನು ಬೇಗ ಬೇಗ ಮುಂದಿನ ಸಾಲಿಗೆ ಓಡೋದು. ಒಂದು ಮಂಗಳವಾರ ಓಡೋಕಾಗಲಿಲ್ಲ, ಹಾಲು ಉಕ್ಕಿ ಸ್ಟವ್ ಎಲ್ಲಾ ಆಯ್ತು, ಅದನ್ನ ಒರೆಸಿ ಫೋನ್ ಮಾಡಿದೆ. "ಹೆಂಗದೀ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು "ಮಳಿ ಆಗೇತಿಲ್ಲೊ ಅಲ್ಲಿ" ಅಂದ. ಅಷ್ಟೇ ಅವತ್ತು. ಮನೆ ವಿಷಯ ಇನ್ನೂ ಬಗೆಹರಿದಿಲ್ಲ, ಈಗ ವಾರಕ್ಕೊಂದ್ಸಲ ಮಳೆ ಬಗ್ಗೆ ಮಾತಾಡ್ತೀವಿ.

ಮಾಡೋ ಕ್ರಮ ಕೇಳಿದ್ರೆ ಇಷ್ಟು: ಒಬ್ಬರ ಹೆಸರು ಸಾಕು, ಪಟ್ಟಿ ಬೇಡ. ಮೊದಲು ಒಂದು ವಾರ ಅವರ ಹೆಸರು ಹೇಳಿ ಆಶೀರ್ವಾದ ಮಾತ್ರ ಕೇಳಿ, "ಅವನಿಗೆ ಬುದ್ಧಿ ಕೊಡು" ಅಂತ ಕೇಳೋದು ಪ್ರಾರ್ಥನೆ ಲೆಕ್ಕಕ್ಕೆ ಬರಲ್ಲ. ಆಮೇಲೆ ಚಿಕ್ಕದೊಂದು ಹೆಜ್ಜೆ, ಮೆಸೇಜ್ ಆದ್ರೂ ಸರಿ, ಜಗಳದ ವಿಷಯ ಎತ್ತಬೇಡಿ. ಮತ್ತೆ, ಹೊಡೆಯೋ ಗಂಡ, ಮೋಸ ಮಾಡೋ ಪಾರ್ಟ್ನರ್ ಥರದವರ ವಿಷಯದಲ್ಲಿ ಈ ವಚನ ತೋರ್ಸಿ ವಾಪಸ್ ಹೋಗು ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಕ್ಷಮಿಸೋದು ಬೇರೆ, ಮತ್ತೆ ಏಟು ತಿನ್ನೋಕೆ ಹೋಗೋದು ಬೇರೆ.

ಬೇರೆಯವರಿಗೋಸ್ಕರ

ವಿಜ್ಞಾಪನೆ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಆಂಬ್ಯುಲೆನ್ಸ್ ಸದ್ದು ಕೇಳಿದಾಗ ಒಳಗಿರೋರಿಗೆ, ಸುದ್ದಿ ನೋಡಿದಾಗ ಅದರಲ್ಲಿರೋ ಜನಕ್ಕೆ, ಯಾರಾದ್ರೂ "ಪ್ರಾರ್ಥನೆ ಮಾಡಿ" ಅಂದ್ರೆ ಹ್ಞೂಂ ಅಂತ ಹೇಳಿ ಮರೆಯೋ ಬದಲು ಅಲ್ಲೇ ನಿಂತಲ್ಲೇ ಹತ್ತು ಸೆಕೆಂಡ್ ಮಾಡಿಬಿಡೋದು. ಮತ್ತೆ ಅವರಿಗೆ ಊಟದ ಡಬ್ಬಿ ಬೇಕಿದ್ರೆ ಡಬ್ಬಿನೇ ತಗೊಂಡು ಹೋಗಿ.

ರಾತ್ರಿ

ಇದು ನಮ್ಮ ಮನೆಯಲ್ಲಿ ಎರಡು ಥರ ನಡೆಯುತ್ತೆ. ಮನೆಯವಳ ಕಡೆ ಸಂಜೆ ತೇರ್ಸ್, ಅಂದ್ರೆ ಜಪಸರ, ಮಂಗಳೂರು ಕೊಂಕಣಿ ಮನೆಗಳಲ್ಲಿ ಅದು ಮುಗಿದ ಮೇಲೆ ಚಿಕ್ಕವರು ದೊಡ್ಡವರ ಹತ್ರ ಹೋಗಿ ಕೈ ಮುಗಿದು "ಬೆಸಾಂವ್" ಕೇಳ್ತಾರೆ, ಆಶೀರ್ವಾದ. ಮದುವೆ ಆದ ಹೊಸದರಲ್ಲಿ ಮಾವನ ಮನೇಲಿ ಎಂಬತ್ತು ದಾಟಿದ ಅಜ್ಜಿ ಮುಂದೆ ಅರವತ್ತು ವರ್ಷದ ಮಗ ಕೈ ಮುಗಿದು ನಿಂತಿದ್ದನ್ನ ನೋಡಿ ನಾನು ಸುಮ್ಮನಾಗ್ಬಿಟ್ಟೆ. ಆ ಹೊತ್ತಿಗೆ ಬೆಳಿಗ್ಗೆಯಿಂದ ಅವರಿಬ್ಬರಿಗೆ ಮೀನು ಸಾರಿಗೆ ಹುಳಿ ಜಾಸ್ತಿ ಆಯ್ತು ಅಂತ ಜಗಳ ಬೇರೆ ನಡೆದಿತ್ತು. ಮಕ್ಕಳಿರೋ ಮನೇಲಿ ಬೇರೆ ಏನೂ ಆಗದಿದ್ರೂ ಇದೊಂದು ಶುರು ಮಾಡಿ ಅಂತ ನಾನು ಹೇಳೋದು, ಪ್ರೊಟೆಸ್ಟೆಂಟ್ ಆದ್ರೂ ಪರವಾಗಿಲ್ಲ, ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡೋದು ಯಾಕೋಬನ ಕಾಲದ್ದು.

ನನ್ನದು ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ಕಲಿಸಿದ ದಿನದ ಪರಿಶೀಲನೆ. ದೀಪ ಆರಿಸಿದ ಮೇಲೆ ಹಾಸಿಗೆಲೇ. ಮೊದಲು ಥ್ಯಾಂಕ್ಸ್, ಇವತ್ತಿನ ಒಂದೆರಡು ನಿರ್ದಿಷ್ಟ ವಿಷಯಕ್ಕೆ, "ಎಲ್ಲಾದಕ್ಕೂ ಸ್ತೋತ್ರ" ಅಂತ ತೇಲಿಸಬಾರದು. ಆಮೇಲೆ ಸರಿಯಾಗಿ ನೋಡೋಕೆ ಬೆಳಕು ಕೊಡು ಅಂತ ಕೇಳೋದು. ಆಮೇಲೆ ಬೆಳಿಗ್ಗೆಯಿಂದ ದಿನನ ಸಿನಿಮಾ ಥರ ಓಡಿಸೋದು, ಎಲ್ಲಿ ದೇವರ ಕಡೆ ತಿರುಗಿದ್ದೆ, ಎಲ್ಲಿ ಮುಖ ತಿರುಗಿಸ್ದೆ. ತಪ್ಪಿಗೆ ಕ್ಷಮೆ. ಕೊನೆಗೆ ನಾಳೆಗೆ ಒಂದು ತೀರ್ಮಾನ. ಹತ್ತು ನಿಮಿಷ. ಸಾಮಾನ್ಯವಾಗಿ ಮೂರನೇ ಹೆಜ್ಜೆ ಮಧ್ಯಾಹ್ನದ ಊಟದ ಹೊತ್ತಿಗೆ ಬರೋಷ್ಟರಲ್ಲಿ ನಾನು ನಿದ್ದೆ ಹೋಗಿರ್ತೀನಿ. ಅದಕ್ಕೆ ಈಗ ಕೂತ್ಕೊಂಡು ಮಾಡ್ತೀನಿ, ಆದ್ರೂ ಹೋಗ್ತೀನಿ ಕೆಲವು ಸಲ.

ಏನೂ ಅನ್ಸದೆ ಇದ್ದಾಗ

ಒಂದು ತಿಂಗಳು ಮಾಡಿ ಏನೂ ಅನ್ಸಲ್ಲ ಅಂತ ಬಿಡ್ಬೇಡಿ. ಅನ್ಸೋದು ಹವಾಮಾನ ಇದ್ದ ಹಾಗೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದವಲ್ಲ, ದಶಕಗಟ್ಟಲೆ ಒಳಗೆ ಕತ್ತಲೆನೇ ಇತ್ತು ಅಂತ ಗೊತ್ತಾಗಿ ಜನ ದಂಗಾದ್ರು, ಅಷ್ಟೂ ವರ್ಷ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂರೋದು ಮಾತ್ರ ಅವರು ನಿಲ್ಲಿಸಿರಲಿಲ್ಲ. ಅಂಥ ದಿನ 88ನೇ ಕೀರ್ತನೆ ಓದಿ, ಬೇರೆ ಶೋಕದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗಿದ್ರೆ ಇದು ಕತ್ತಲೆಲೇ ಮುಗಿಯುತ್ತೆ, ಅದನ್ನೂ ಬೈಬಲಲ್ಲಿ ಬಿಟ್ಟಿದಾರೆ. ಆದ್ರೆ ನಿದ್ದೆ ಊಟ ಎಲ್ಲ ಹೋಗಿ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ, ವಿಶ್ವಾಸ ಕಮ್ಮಿ ಅಂತ ಯಾರಾದ್ರೂ ಅಂದ್ರೆ ಅನ್ಲಿ.

ಎಲ್ಲಾನೂ ಒಟ್ಟಿಗೆ ಶುರು ಮಾಡಬೇಡಿ, ಒಂದು ತಿಂಗಳು ಹಾಲಿನ ಹೊತ್ತಿನದ್ದೊಂದೇ, ಆಮೇಲೆ ಸಿಗ್ನಲ್ಲು, ಆಮೇಲೆ ಮಿಕ್ಕಿದ್ದು. ಸೋಮವಾರನೂ ಬೇಡ, ಸೋಮವಾರ ಶುರು ಮಾಡಿದ್ದೆಲ್ಲ ಬುಧವಾರ ನಿಲ್ಲುತ್ತೆ. ಇವತ್ತು ಯಾವ ವಾರ ಇದ್ರೂ ಸರಿ, ರಾತ್ರಿ ಫೋನನ್ನ ಪಡಸಾಲೆಲಿ ಟೀವಿ ಪಕ್ಕ ಚಾರ್ಜಿಗೆ ಹಾಕಿ ಬಂದು ಮಲಗಿ.